ಗೋಧಿಯ ಕಾಡು ನೆಂಟರು: ಬರ ತಡೆಯುವ ಶಕ್ತಿ ಎಲ್ಲಿಂದ ಬರುತ್ತದೆ?

ಹೊಸನಗರದ ಹತ್ತಿರ ಇರುವ ದೊಡ್ಡಪ್ಪ ಮೊನ್ನೆ ಫೋನ್ ಮಾಡಿದ್ದರು. ಶುಗರ್ ಬಂದ ಮೇಲೆ ಅವರಿಗೆ ರಾತ್ರಿ ಚಪಾತಿಯೇ ಊಟ. ವಾಟ್ಸಾಪಿನಲ್ಲಿ ಯಾವುದೋ ವಿಡಿಯೊ ಬಂದಿತ್ತಂತೆ. "ಅಲ್ಲ ಮಾರಾಯ, ಕಾಡು ಹುಲ್ಲಿನ ಜೀನ್ ಸೇರಿಸಿದ್ರೆ ಗೋಧಿಗೆ ನೀರೇ ಬೇಡ್ವಂತೆ, ಹೌದಾ?"

ನೀರೇ ಬೇಡದ ಗೋಧಿ ಇಲ್ಲ, ದೊಡ್ಡಪ್ಪ. ಆದರೆ ಕಾಡು ಹುಲ್ಲಿನ ವಿಷಯ ಸುಳ್ಳಲ್ಲ. ಫೋನಿನಲ್ಲಿ ಹೇಳಲು ಹೋಗಿ ಅರ್ಧಕ್ಕೇ ಸೋತೆ, ಹಾಗಾಗಿ ಇಲ್ಲಿ ನಿಧಾನಕ್ಕೆ ಬರೆಯುತ್ತಿದ್ದೇನೆ.

ಗೋಧಿ ಬೆಳೆಯದ ಮಲೆನಾಡಿನವರಿಗೆ ಇದು ಯಾಕೆ ಬೇಕು ಅಂತ ಕೇಳಬಹುದು. ನಮ್ಮದು ಭತ್ತ, ಅಡಿಕೆಯ ನಾಡು, ನಿಜ. ಆದರೆ ಚಪಾತಿ ಹಿಟ್ಟು ಈಗ ಯಾವ ಮನೆಯಲ್ಲಿಲ್ಲ ಹೇಳಿ? 2022ರ ಮಾರ್ಚಿನಲ್ಲಿ ಉತ್ತರ ಭಾರತದಲ್ಲಿ ಕಾಳು ಕಟ್ಟುವ ಹೊತ್ತಿಗೆ ಸರಿಯಾಗಿ ಬಿಸಿಗಾಳಿ ಬೀಸಿತು, ಗೋಧಿ ಜೊಳ್ಳಾಯಿತು, ಮೇ 13ರಂದು ಕೇಂದ್ರ ಸರ್ಕಾರ ರಫ್ತನ್ನೇ ನಿಲ್ಲಿಸಿತು. ಮರುವರ್ಷ ಬರ ನಮ್ಮ ಬಾಗಿಲಿಗೇ ಬಂತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಪಟ್ಟಿಗೆ ಸೇರಿದವು, ಅದರಲ್ಲಿ ಮಲೆನಾಡಿನ ತಾಲೂಕುಗಳೂ ಇದ್ದವು. ಮಳೆ ಕೈಕೊಟ್ಟರೆ ಬೆಳೆ ಏನಾಗುತ್ತದೆ ಅನ್ನುವುದು ಈಗ ಬಯಲುಸೀಮೆಯವರ ಪ್ರಶ್ನೆ ಮಾತ್ರ ಆಗಿ ಉಳಿದಿಲ್ಲ.

ಅಡುಗೆಮನೆಯ ಮೂರು ಡಬ್ಬಿ

ಶುರು ಮಾಡಲು ಲ್ಯಾಬ್ ಬೇಡ, ಅಡುಗೆಮನೆ ಸಾಕು. ನಮ್ಮ ಮನೆಯಲ್ಲಿ ಮೂರು ಡಬ್ಬಿ ಸಾಲಾಗಿವೆ. ಒಂದರಲ್ಲಿ ಚಪಾತಿ ಹಿಟ್ಟು, ಒಂದರಲ್ಲಿ ಬನ್ಸಿ ರವೆ, ಮೂರನೆಯದರಲ್ಲಿ ಗಾಂಧಿ ಬಜಾರಿನಿಂದ ತಂದ ಜವೆ ಗೋಧಿ ರವೆ. ಮೂರಕ್ಕೂ ನಾವು ಗೋಧಿ ಅನ್ನುತ್ತೇವೆ. ಗಿಡದ ಲೆಕ್ಕದಲ್ಲಿ ಮಾತ್ರ ಮೂರೂ ಒಂದೇ ಅಲ್ಲ.

ಯಾವುದೇ ಜೀವಿಯ ಗುಣ ಬರೆದಿಟ್ಟಿರುವುದು ಜೀನುಗಳಲ್ಲಿ. ಜೀನು ಅಂದರೆ ಅಡುಗೆ ಪುಸ್ತಕದ ಒಂದು ವಿಧಾನ ಇದ್ದಹಾಗೆ: ಬೇರು ಎಷ್ಟುದ್ದ, ಹೂ ಯಾವಾಗ, ಎಲೆ ಎಷ್ಟಗಲ. ಈ ವಿಧಾನಗಳನ್ನು ಕಟ್ಟಿಟ್ಟ ಸಂಪುಟಗಳೇ ವರ್ಣತಂತುಗಳು. ಜವೆ ಗೋಧಿಯಲ್ಲಿ 28 ವರ್ಣತಂತು. ಬನ್ಸಿ ಅಂದರೆ ಡ್ಯೂರಮ್ ಜಾತಿಯ ಗೋಧಿ, ಅದರಲ್ಲೂ 28. ಚಪಾತಿ ಗೋಧಿಯಲ್ಲಿ 42.

ಆ ಹದಿನಾಲ್ಕು ಜಾಸ್ತಿ ಎಲ್ಲಿಂದ ಬಂತು? ಸುಮಾರು 8,000ದಿಂದ 10,000 ವರ್ಷಗಳ ಹಿಂದೆ, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಕಡೆ, ಯಾರೋ ಜವೆ ಗೋಧಿಯ ಜಾತಿಯ ಬೆಳೆ ಹಾಕಿದ್ದರು. ಬದುವಿನಲ್ಲಿ ಒಂದು ಕಳೆ ಹುಲ್ಲು. ಏಜಿಲಾಪ್ಸ್ ಟೌಶಿ ಅಂತ ಅದರ ಹೆಸರು, ಇಂಗ್ಲಿಷಿನವರು ಆಡಿನ ಹುಲ್ಲು ಅನ್ನುತ್ತಾರೆ. ಅದರ ಪರಾಗ ಗಾಳಿಯಲ್ಲಿ ಬಂದು ಬೆಳೆಯ ಹೂವಿಗೆ ಬಿತ್ತು. ಸಾಮಾನ್ಯವಾಗಿ ಇಂಥ ಸಂಬಂಧದಲ್ಲಿ ಹುಟ್ಟಿದ ಗಿಡ ಹೇಸರಗತ್ತೆಯ ಹಾಗೆ ಬಂಜೆ. ಅಪ್ಪ ಅಮ್ಮನ ವರ್ಣತಂತುಗಳಿಗೆ ಜೋಡಿ ಸಿಗುವುದಿಲ್ಲ. ಆದರೆ ಆ ಸಲ ಏನೋ ಎಡವಟ್ಟಾಗಿ ವರ್ಣತಂತುಗಳ ಸಂಖ್ಯೆ ದುಪ್ಪಟ್ಟಾಯಿತು, ಪ್ರತಿಯೊಂದಕ್ಕೂ ಜೋಡಿ ಸಿಕ್ಕಿತು, ಗಿಡ ಕಾಳು ಕಟ್ಟಿತು. ಜಗತ್ತಿನ ಬ್ರೆಡ್, ಚಪಾತಿ, ಪೂರಿ ಎಲ್ಲದರ ಮೂಲ ಆ ಎಡವಟ್ಟು. 1944ರಲ್ಲಿ ಜಪಾನಿನ ಹಿತೋಶಿ ಕಿಹಾರ, ಅಮೆರಿಕದ ಮ್ಯಾಕ್‌ಫ್ಯಾಡನ್ ಮತ್ತು ಸಿಯರ್ಸ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಮಹಾಯುದ್ಧದ ನಡುವೆ, ಇದನ್ನು ಪತ್ತೆಹಚ್ಚಿದರು.

ಅಂದರೆ ಚಪಾತಿ ಗೋಧಿಯೊಳಗೆ ಮೂರು ಮನೆತನ ಒಟ್ಟಿಗೆ ಸಂಸಾರ ಮಾಡುತ್ತಿವೆ. ವಿಜ್ಞಾನಿಗಳು ಎ, ಬಿ, ಡಿ ಅನ್ನುತ್ತಾರೆ. ಎ ಮತ್ತು ಬಿ ಜವೆಯ ಕಡೆಯಿಂದ, ಡಿ ಆ ಕಳೆ ಹುಲ್ಲಿನಿಂದ.

ಇಡೀ ಬೆಟ್ಟದಲ್ಲಿ ಒಂದೇ ಮರದ ಮಿಡಿ

ಸಮಸ್ಯೆ ಇರುವುದೂ ಇಲ್ಲೇ. ಆಡಿನ ಹುಲ್ಲು ಟರ್ಕಿಯಿಂದ ಚೀನಾದವರೆಗೆ ಬೆಳೆಯುತ್ತದೆ. ಮರಳುಗಾಡಿನ ಅಂಚಿನಲ್ಲಿ, ಕಲ್ಲುಬೆಟ್ಟದಲ್ಲಿ, ಹೊಳೆ ಬದಿಯಲ್ಲಿ. ಒಂದೊಂದು ಜಾಗದ ಹುಲ್ಲಿಗೆ ಒಂದೊಂದು ಗುಣ. ಅಷ್ಟರಲ್ಲಿ ಗೋಧಿಯ ಪೂರ್ವಜರ ಜೊತೆ ಸಂಬಂಧ ಬೆಳೆಸಿದ್ದು ಬೆರಳೆಣಿಕೆಯ ಗಿಡಗಳು ಮಾತ್ರ. ಉಳಿದ ವೈವಿಧ್ಯ ಕಾಡಿನಲ್ಲೇ ಉಳಿಯಿತು.

ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ನಮ್ಮ ಕಡೆಯ ಎಳೆ ಮಾವು, ಗೊತ್ತಿದ್ದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಹೊಳೆದಂಡೆಯ ಒಂದೊಂದು ಮರದ ಮಿಡಿಗೆ ಒಂದೊಂದು ಸೊನೆ, ಒಂದೊಂದು ಪರಿಮಳ. ಒಂದು ಜೀರಿಗೆ ವಾಸನೆ, ಇನ್ನೊಂದು ಕರ್ಪೂರ. ಇಷ್ಟೆಲ್ಲ ಇರುವಾಗ ಇಡೀ ಊರು ಒಂದೇ ಮರದ ಮಿಡಿ ತಂದು, ಅದನ್ನೇ ಕಸಿ ಮಾಡಿ ಹಬ್ಬಿಸಿದರೆ? ಡಿ ಮನೆತನದ ಕಥೆ ಹೆಚ್ಚುಕಮ್ಮಿ ಹೀಗೆಯೇ.

ರೈತರು ಆರಿಸುವುದೂ ಮೊದಲಿನಿಂದಲೇ ನಡೆದಿತ್ತು. ಕಾಡಿನ ಗೋಧಿಯ ತೆನೆ ಒಣಗಿದ ಕೂಡಲೇ ಉದುರುತ್ತದೆ, ಬೀಜ ಹರಡಬೇಕಲ್ಲ. ಉದುರದ ತೆನೆಯನ್ನು ಜನ ಇಟ್ಟುಕೊಂಡರು. ಕಾಳು ದಪ್ಪ ಇದ್ದದ್ದನ್ನು ಇಟ್ಟುಕೊಂಡರು. 1960ರ ದಶಕದ ಹಸಿರು ಕ್ರಾಂತಿಯಲ್ಲಿ ಗೊಬ್ಬರ, ನೀರು ಕೊಟ್ಟರೆ ಬಗ್ಗಿ ಬೀಳದೆ ಇಳುವರಿ ಕೊಡುವ ಗಿಡ್ಡ ತಳಿಗಳು ಬಂದವು. ನೀರು ಕೊಡುವವರು ಇದ್ದಾರೆ ಅಂದಮೇಲೆ ನೀರು ಹುಡುಕುವ ಚಾಕಚಕ್ಯತೆಯನ್ನು ಯಾರೂ ಮುಖ್ಯವಾಗಿ ಆರಿಸಲಿಲ್ಲ. ತಪ್ಪು ಅನ್ನಲಾಗದು, ಆಗ ಬೇಕಿದ್ದದ್ದು ಹೊಟ್ಟೆಗೆ ಕಾಳು.

ಬಾವಿ ಬತ್ತುವಾಗ ಮೂರು ಮನೆ

ಬರ ತಡೆಯುವುದು ಅಂದರೆ ಒಂದೇ ಗುಣ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಅಂಗಳಕ್ಕಿಳಿಯಲಾಗದಷ್ಟು ಸುರಿದರೂ ಏಪ್ರಿಲ್ ಬಂದರೆ ಬಾವಿಯ ತಳ ಕಾಣುತ್ತದೆ. ಆಗ ಕೇರಿಯ ಮೂರು ಮನೆಯವರು ಮೂರು ಥರ ನಡೆದುಕೊಳ್ಳುತ್ತಾರೆ.

ಮೊದಲ ಮನೆಯವರು ನೀರಿನ ಖರ್ಚಿನ ಕಾರ್ಯಗಳನ್ನೆಲ್ಲ ಫೆಬ್ರವರಿಯಲ್ಲೇ ಮುಗಿಸಿಬಿಡುತ್ತಾರೆ. ಗೋಧಿಯಲ್ಲಿ ಇದು ಬೇಗ ಹೂಬಿಟ್ಟು, ಬೇಗ ಕಾಳು ಕಟ್ಟಿ, ಬಿಸಿಲು ಏರುವ ಮೊದಲೇ ಕೊಯ್ಲಿಗೆ ಬರುವ ಉಪಾಯ. ಬರದಿಂದ ತಪ್ಪಿಸಿಕೊಳ್ಳುವುದು.

ಎರಡನೇ ಮನೆಯವರು ಹೂಳೆತ್ತಿಸಿ ಬಾವಿಯನ್ನು ಇನ್ನೂ ನಾಲ್ಕಡಿ ಇಳಿಸುತ್ತಾರೆ, ಬಚ್ಚಲಿನ ನಲ್ಲಿ ಬಿಗಿಮಾಡುತ್ತಾರೆ. ಗಿಡದ ಲೆಕ್ಕದಲ್ಲಿ ಆಳಕ್ಕೆ ಇಳಿಯುವ ಬೇರು ಒಂದು ಕಡೆ. ಎಲೆಯ ಸಣ್ಣ ಬಾಯಿಗಳನ್ನು, ಅಂದರೆ ಪತ್ರರಂಧ್ರಗಳನ್ನು, ಬೇಗ ಮುಚ್ಚುವುದು ಇನ್ನೊಂದು ಕಡೆ. ಮಣ್ಣು ಒಣಗುತ್ತಿದೆ ಎಂದಾಗ ಗಿಡದೊಳಗೆ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚಾಗಿ, ಬಾಗಿಲು ಹಾಕಿ ಅಂತ ಎಲೆಗಳಿಗೆ ಸುದ್ದಿ ಮುಟ್ಟಿಸುತ್ತದೆ. ಆದರೆ ಆ ಬಾಗಿಲಿನಿಂದಲೇ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕು. ಬಾಗಿಲು ಹಾಕಿದರೆ ನೀರು ಉಳಿಯುತ್ತದೆ, ಅಡುಗೆ ನಿಲ್ಲುತ್ತದೆ. ಈ ಲೆಕ್ಕಾಚಾರದಿಂದ ಯಾವ ಗಿಡಕ್ಕೂ ಬಿಡುಗಡೆ ಇಲ್ಲ.

ಮೂರನೇ ಮನೆಯವರು ತಲೆಗೊಂದು ಕೊಡದಲ್ಲಿ ಹೇಗೋ ತಿಂಗಳು ದೂಡುತ್ತಾರೆ. ಗಿಡವೂ ಹೀಗೆ ತಾಳಿಕೊಳ್ಳುತ್ತದೆ. ಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿ ಇಟ್ಟರೆ ನಾಲ್ಕು ದಿನದಲ್ಲಿ ಮಿಡಿ ಚಿರುಟಿ ಭರಣಿಯಲ್ಲಿ ನೀರು ನಿಲ್ಲುತ್ತದೆ, ಅಲ್ವಾ? ನೀರು ಉಪ್ಪು ಜಾಸ್ತಿ ಇರುವ ಕಡೆ ಹರಿಯುತ್ತದೆ. ಇದೇ ಉಪಾಯವನ್ನು ತಿರುಗಿಸಿ ನೋಡಿ. ಬಾಯಾರಿದ ಗಿಡ ತನ್ನ ಜೀವಕೋಶದ ಒಳಗೆ ಸಕ್ಕರೆ, ಪ್ರೋಲಿನ್ ಥರದ ಪದಾರ್ಥ ಕೂಡಿಹಾಕುತ್ತದೆ. ಒಳಗೆ ಸಾಂದ್ರತೆ ಜಾಸ್ತಿಯಾದ್ದರಿಂದ ನೀರು ಹೊರಗೆ ಓಡುವುದಿಲ್ಲ, ಎಲೆ ಬೇಗ ಸೊರಗುವುದಿಲ್ಲ.

ಈ ಒಂದೊಂದಕ್ಕೂ ಹತ್ತಾರು ಜೀನುಗಳು ಬೇಕು, ಒಂದೊಂದರ ಪಾಲೂ ಚೂರುಚೂರು. ಬರಕ್ಕೊಂದು ಸ್ವಿಚ್ ಅಂತ ಇಲ್ಲ. ವಾಟ್ಸಾಪ್ ವಿಡಿಯೊ ಎಡವಿದ್ದು ಇಲ್ಲಿ.

ಬೇರಿನ ಕಥೆ

ಕಾಡು ನೆಂಟರಿಂದ ಗೋಧಿಗೆ ಈವರೆಗೆ ಕಂಡಿರುವ ಲಾಭದಲ್ಲಿ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಬೇರು.

ಮೆಕ್ಸಿಕೋದಲ್ಲಿ ಸಿಮಿಟ್ ಅನ್ನುವ ಅಂತರರಾಷ್ಟ್ರೀಯ ಗೋಧಿ, ಮೆಕ್ಕೆಜೋಳ ಸಂಶೋಧನಾ ಕೇಂದ್ರ ಇದೆ. ಅಲ್ಲಿನವರು 1980ರ ದಶಕದಿಂದ ಆ ಹಳೆಯ ಎಡವಟ್ಟನ್ನು ಬೇಕೆಂದೇ ಮಾಡುತ್ತಿದ್ದಾರೆ. ಡ್ಯೂರಮ್ ಗೋಧಿಯ ಹೂವಿಗೆ ಬೇರೆ ಬೇರೆ ಜಾಗದ ಆಡಿನ ಹುಲ್ಲಿನ ಪರಾಗ ಹಾಕುತ್ತಾರೆ. ಹುಟ್ಟುವ ಎಳೆ ಭ್ರೂಣ ತೆನೆಯಲ್ಲಿ ಬದುಕುವುದೇ ಕಷ್ಟ, ಅದನ್ನು ಬಿಡಿಸಿ ಗಾಜಿನ ನಳಿಗೆಯಲ್ಲಿ ಸಾಕುತ್ತಾರೆ. ಆಮೇಲೆ ಕೊಲ್ಚಿಸಿನ್ ಎಂಬ ಔಷಧ ಕೊಟ್ಟು ವರ್ಣತಂತುಗಳನ್ನು ದುಪ್ಪಟ್ಟು ಮಾಡುತ್ತಾರೆ. ಹೀಗೆ ಸಾವಿರಕ್ಕೂ ಹೆಚ್ಚು ಹೊಸ ಗೋಧಿಗಳು ಹುಟ್ಟಿವೆ. ಇವಕ್ಕೆ ಸಂಶ್ಲೇಷಿತ ಗೋಧಿ ಅಂತ ಹೆಸರು. ಇವನ್ನು ಒಳ್ಳೆಯ ತಳಿಗಳ ಜೊತೆ ಸಂಕರ ಮಾಡಿ, ನೀರು ಕಡಿಮೆ ಕೊಟ್ಟು ಬೆಳೆಸಿ ನೋಡಿದಾಗ ಕೆಲವು ಗಿಡಗಳು ತಮ್ಮ ಬೇರಿನ ಹೆಚ್ಚು ಪಾಲನ್ನು ಆಳದ ಪದರಕ್ಕೆ ಇಳಿಸಿದ್ದವು. ಒಟ್ಟು ಬೇರು ಜಾಸ್ತಿ ಮಾಡಿಕೊಂಡಿರಲಿಲ್ಲ, ಇದ್ದದ್ದನ್ನೇ ಕೆಳಗೆ ಹಂಚಿದ್ದವು. ಸಂಬಳ ಅಷ್ಟೇ, ಖರ್ಚಿನ ಜಾಣತನ ಬೇರೆ.

ಇಸ್ರೇಲಿನವರದ್ದು ಇನ್ನೊಂದು ದಾರಿ. ಕಾಡು ಜವೆಯನ್ನು 1906ರಲ್ಲಿ ಆರನ್ ಆರನ್‌ಸನ್ ಎಂಬ ಸಸ್ಯಶಾಸ್ತ್ರಜ್ಞ ಅಲ್ಲಿನ ರೋಶ್ ಪಿನ್ನಾ ಊರಿನ ಬಂಡೆಗಳ ಸಂದಿಯಲ್ಲಿ ಕಂಡಿದ್ದರು. ನೂರು ವರ್ಷದ ಮೇಲೆ ಅಲ್ಲಿನ ಸಂಶೋಧಕರು ಆ ಕಾಡು ಜವೆಯ ವರ್ಣತಂತುವಿನ ತುಂಡುಗಳನ್ನು ಈಗಿನ ತಳಿಗಳಿಗೆ ತಂದರು. 2016ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ, 7ಎ (ಎ ಮನೆತನದ ಏಳನೇ) ವರ್ಣತಂತುವಿನ ಒಂದು ತುಂಡು ಸೇರಿದ ಗಿಡ ನೀರಿನ ಕೊರತೆಯಲ್ಲೂ ಮೂಲ ತಳಿಗಿಂತ ಚೆನ್ನಾಗಿ ಬೆಳೆಯಿತು.

ಮೂರನೆಯದು ಸ್ವಲ್ಪ ತಮಾಷೆಯದು, ಯಾಕೆಂದರೆ ಅದು ಬರಕ್ಕೆಂದು ತಂದದ್ದೇ ಅಲ್ಲ. ರೈ ಅಂತ ಯುರೋಪಿನ ಒಂದು ಧಾನ್ಯ, ಕಾಡಿನದ್ದಲ್ಲ, ಗೋಧಿಗೆ ದೂರದ ನೆಂಟ. ಅದರ ಒಂದನೇ ವರ್ಣತಂತುವಿನ ಗಿಡ್ಡ ತೋಳನ್ನು, ಅಂದರೆ ಚಿಕ್ಕ ಭಾಗವನ್ನು, ಗೋಧಿಗೆ ಸೇರಿಸಿದ್ದು ತುಕ್ಕು ರೋಗ ತಡೆಯಲಿ ಅಂತ. ಆಮೇಲೆ ನೋಡಿದರೆ ಈ ಗಿಡಗಳ ಬೇರೂ ದೊಡ್ಡದು! ಪಂಜಾಬಿನಲ್ಲಿ ವರ್ಷಗಟ್ಟಲೆ ಹೊಲ ತುಂಬಿದ್ದ ಪಿಬಿಡಬ್ಲ್ಯು 343 ತಳಿಯಲ್ಲೂ ಈ ರೈ ತುಂಡು ಇತ್ತು. ಅಂದರೆ ನಾವೂ ನೀವೂ ಗೊತ್ತಿಲ್ಲದೆ ಅದನ್ನು ಲಟ್ಟಿಸಿ ತಿಂದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಆ ತುಂಡಿನೊಳಗೆ ಬೇರಿನ ಉದ್ದ ನಿರ್ಧರಿಸುವುದು ಯಾವುದು ಅನ್ನುವುದಕ್ಕೆ 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಉತ್ತರ ಕೊಟ್ಟರು. ಅಲ್ಲೊಂದು ಜೀನುಗಳ ಗುಂಪಿದೆ, ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನು ತಯಾರಿಸಲು ಬೇಕಾದದ್ದು. ಅದರ ಪ್ರತಿಗಳು ಜಾಸ್ತಿಯಾದರೆ ಬೇರು ಬೇಗ ಉದ್ದವಾಗುವುದನ್ನು ನಿಲ್ಲಿಸುತ್ತದೆ, ಕಡಿಮೆಯಾದರೆ ಉದ್ದಕ್ಕೆ ಇಳಿಯುತ್ತದೆ. ಸಾರಿಗೆ ಉಪ್ಪು ಹಾಕಿದ್ದೀರಾ ಅನ್ನುವುದಷ್ಟೇ ಅಲ್ಲ, ಎಷ್ಟು ಚಮಚ ಅನ್ನುವುದೂ ಲೆಕ್ಕಕ್ಕೆ ಬರುತ್ತದಲ್ಲ, ಹಾಗೆ.

ತರುವುದು ಹೇಗೆ? ಮೆಣಸಿನ ಕಸಿಯ ಹಾಗಾ?

ನಮ್ಮ ತೋಟಗಳಲ್ಲಿ ಕಾಳುಮೆಣಸನ್ನು ಬ್ರೆಜಿಲ್ ಹಿಪ್ಪಲಿಯ ಮೇಲೆ ಕಸಿ ಕಟ್ಟುವುದನ್ನು ನೋಡಿದ್ದೀರಿ. ಸೊರಗು ರೋಗಕ್ಕೆ ಹಿಪ್ಪಲಿಯ ಬೇರು ಜಗ್ಗುವುದಿಲ್ಲ, ಮೇಲೆ ಪಣಿಯೂರೋ ಕರಿಮುಂಡವೋ ಬಳ್ಳಿ. ನೆಂಟರ ಬೇರು, ನಮ್ಮ ಫಸಲು. ಆದರೆ ಆ ಬೇರಿನ ಗುಣ ಮೆಣಸಿನ ಬೀಜಕ್ಕೆ ಇಳಿಯುವುದಿಲ್ಲ, ಪ್ರತಿ ಬಳ್ಳಿಗೂ ಮತ್ತೆ ಕಸಿ ಕಟ್ಟಬೇಕು. ಎಕರೆಗಟ್ಟಲೆ ಬಿತ್ತುವ ಗೋಧಿಗೆ ಇದು ಆಗದ ಮಾತು. ಗುಣ ಬೀಜದಲ್ಲೇ ಇರಬೇಕು, ಅದಕ್ಕೇ ಹೂವಿನಿಂದ ಹೂವಿಗೆ ಸಂಕರ.

ಮೊದಲ ಸಂಕರದಲ್ಲಿ ಮರಿಗೆ ಕಾಡಿನ ಪಾಲು ಅರ್ಧ. ಅದನ್ನು ಮತ್ತೆ ಊರಿನ ತಳಿಯ ಜೊತೆ ಸಂಕರ ಮಾಡಿದರೆ ಸರಾಸರಿ ಕಾಲು. ಮತ್ತೊಮ್ಮೆ ಮಾಡಿದರೆ ಅರೆಪಾವು ಅನ್ನಿ. ಹೀಗೆ ಹುಳಿ ಮಜ್ಜಿಗೆಗೆ ನೀರು ಬೆರೆಸುತ್ತಾ ಹೋದ ಹಾಗೆ ಕಾಡಿನ ಅಂಶ ತೆಳುವಾಗುತ್ತದೆ. ಬೇಕಾದ ತುಂಡು ಮಾತ್ರ ಕಳೆದುಹೋಗದ ಹಾಗೆ ಪ್ರತಿ ತಲೆಮಾರಿನಲ್ಲೂ ಡಿಎನ್ಎ ಪರೀಕ್ಷೆ ಮಾಡಿ ಗಿಡ ಆರಿಸುತ್ತಾರೆ. ವರ್ಷಗಟ್ಟಲೆ ಹಿಡಿಯುವ ಕೆಲಸ.

ಎಲ್ಲ ನೆಂಟರೂ ಇಷ್ಟು ಸುಲಭಕ್ಕೆ ಬೆರೆಯುವುದಿಲ್ಲ. ಗೋಧಿಯ 5ಬಿ ವರ್ಣತಂತುವಿನಲ್ಲಿ ಪಿಎಚ್1 ಎಂಬ ಜೀನು, ಅಂದರೆ ಒಬ್ಬ ಕಾವಲುಗಾರ, ಇದ್ದಾನೆ, 1958ರಲ್ಲಿ ಗೊತ್ತಾದದ್ದು. ಎ, ಬಿ, ಡಿ ಮನೆತನಗಳು ಒಂದರೊಳಗೊಂದು ಕಲಸಿಹೋಗದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಅವನಿಲ್ಲದಿದ್ದರೆ ಗೋಧಿ ಇಷ್ಟು ಫಲವಂತವಾಗಿ ಉಳಿಯುತ್ತಿರಲಿಲ್ಲ. ಆದರೆ ದೂರದ ನೆಂಟರ ವರ್ಣತಂತುವನ್ನೂ ಅವನು ಸುಲಭಕ್ಕೆ ಬೆರೆಯಲು ಬಿಡುವುದಿಲ್ಲ. ಅದಕ್ಕೆ 1977ರಲ್ಲಿ, ಮೇಲೆ ಹೇಳಿದ ಅದೇ ಸಿಯರ್ಸ್, ಕಾವಲುಗಾರನೇ ಇಲ್ಲದ ಒಂದು ಗೋಧಿ ಸಾಲನ್ನು ಪಡೆದರು. ದೂರದ ಸಂಬಂಧ ಬೆಳೆಸಲು ತಳಿ ವಿಜ್ಞಾನಿಗಳು ಇಂದಿಗೂ ಅದನ್ನು ಬಳಸುತ್ತಾರೆ.

ಇದು ಕುಲಾಂತರಿಯಾ?

ದೊಡ್ಡಪ್ಪನ ಎರಡನೇ ಪ್ರಶ್ನೆ. ಕುಲಾಂತರಿ ಅಂದರೆ ಲ್ಯಾಬಿನಲ್ಲಿ ಜೀನನ್ನು ನೇರವಾಗಿ ಸೇರಿಸಿದ ಬೆಳೆ. ಇದು ಅದಲ್ಲ. ನೆಂಟರ ಜೊತೆ ಸಂಕರ ಮಾಡಿ ಗುಣ ತರುವುದು ಕುಲಾಂತರಿ ಅಲ್ಲ. ಅರ್ಜೆಂಟೀನಾದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ಎಚ್‌ಬಿ4 ಗೋಧಿ ಕುಲಾಂತರಿ, ಅದರಲ್ಲಿ ಬರ ತಡೆಯಲೆಂದು ಲ್ಯಾಬಿನಲ್ಲಿ ಸೇರಿಸಿದ ಸೂರ್ಯಕಾಂತಿಯ ಜೀನ್ ಇದೆ. ಸೂರ್ಯಕಾಂತಿಗೂ ಗೋಧಿಗೂ ಹೂವಿನ ಮೂಲಕ ಸಂಬಂಧ ಆಗುವುದೇ ಇಲ್ಲ. ಸುದ್ದಿಯಲ್ಲಿ ಎರಡಕ್ಕೂ ಬರ ನಿರೋಧಕ ಗೋಧಿ ಅನ್ನುವುದರಿಂದ ಗೊಂದಲ.

ನೆಂಟರ ಜೊತೆ ಬರುವ ಬೇಡದ ಸಾಮಾನು

ನೆಂಟರು ಒಬ್ಬರೇ ಬರುವುದಿಲ್ಲ. ವರ್ಣತಂತುವಿನಲ್ಲಿ ಒಂದು ಜೀನಿನ ಅಕ್ಕಪಕ್ಕ ನೂರಾರು ಜೀನು ಅಂಟಿಕೊಂಡಿರುತ್ತವೆ, ಒಂದನ್ನು ಎಳೆದರೆ ಸುತ್ತಲಿನವೂ ಬರುತ್ತವೆ. ಆಡಿನ ಹುಲ್ಲಿನಿಂದ ಬರುವ ಗಟ್ಟಿ ಹೊಟ್ಟಿನ ಗುಣ ಹೀಗೆ. ಬಡಿದರೂ ಕಾಳು ಬಿಡುವುದಿಲ್ಲ. ಜವೆ ಗೋಧಿಯ ಇಡೀ ಕಾಳನ್ನು ಕೈಯಲ್ಲಿ ಹಿಡಿದು ನೋಡಿದ್ದರೆ ಗೊತ್ತು, ಹೊಟ್ಟು ಕಾಳಿಗೆ ಮೆತ್ತಿಕೊಂಡೇ ಇರುತ್ತದೆ, ಉಗುರಿನಲ್ಲಿ ಎಬ್ಬಿಸಲು ಹೋದರೆ ಉಗುರು ನೋಯುತ್ತದೆಯೇ ಹೊರತು ಅದು ಬಿಡುವುದಿಲ್ಲ. ಕುಟ್ಟಿಯೇ ತೆಗೆಯಬೇಕು. ರೈ ತುಂಡಿನದ್ದು ಇನ್ನೊಂದು ರಗಳೆ: ಬೇರು ಒಳ್ಳೆಯದು, ಆದರೆ ಅದರ ಜೊತೆ ಬರುವ ಪ್ರೋಟೀನಿನಿಂದ ಹಿಟ್ಟು ಅಂಟಂಟು, ಬ್ರೆಡ್ ಕಾರ್ಖಾನೆಯವರಿಗೆ ತಲೆನೋವು.

ಕೆಲವು ಸಲ ಕಾಡಿನ ಜೀನ್ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುತ್ತದೆ. ಕಾಡು ಜವೆಯಿಂದ ಬಂದ ಒಂದು ಜೀನನ್ನು 2006ರಲ್ಲಿ ಗುರುತಿಸಿದರು. ಅದು ಎಲೆಯನ್ನು ಬೇಗ ಹಣ್ಣಾಗಿಸಿ, ಅಲ್ಲಿದ್ದ ಸಾರವನ್ನು ಕಾಳಿಗೆ ಸಾಗಿಸುತ್ತದೆ. ಕಾಳಿನಲ್ಲಿ ಪ್ರೋಟೀನು, ಕಬ್ಬಿಣ, ಸತು ಜಾಸ್ತಿ. ಆದರೆ ಎಲೆ ಬೇಗ ಒಣಗಿದರೆ ಕಾಳು ತುಂಬಲು ಸಿಗುವ ದಿನಗಳೂ ಕಡಿಮೆಯಾಗಬಹುದು.

ಯಾವ ಬರ ಅನ್ನುವುದೇ ಪ್ರಶ್ನೆ

ಎತ್ತರದ ಮಕ್ಕಿಗದ್ದೆಯ ಬರವೇ ಬೇರೆ, ತಗ್ಗಿನ ಬೈಲುಗದ್ದೆಯ ಬರವೇ ಬೇರೆ. ಮಳೆ ಹತ್ತು ದಿನ ನಿಂತರೆ ಮಕ್ಕಿಯಲ್ಲಿ ನೆಲ ಬಿರಿಯುತ್ತದೆ, ಬೈಲಿನಲ್ಲಿ ಇನ್ನೂ ಕೆಸರು. ಒಂದೇ ತಳಿ ಎರಡೂ ಕಡೆ ಒಂದೇ ಥರ ನಡೆಯುವುದಿಲ್ಲ.

ಗೋಧಿಯಲ್ಲೂ ಅಷ್ಟೆ. ಧಾರವಾಡ, ವಿಜಯಪುರದ ಕಡೆ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತುವ ಗೋಧಿ ಮಣ್ಣಿನೊಳಗೆ ಉಳಿದ ಹಸಿಯನ್ನೇ ನಂಬಿಕೊಂಡು ಬೆಳೆಯುತ್ತದೆ. ಅಂಥ ಆಳದ ಮಣ್ಣಿನಲ್ಲಿ ಕೆಳಕ್ಕೆ ಇಳಿಯುವ ಬೇರು ಬಂಗಾರ. ಅಡಿಯಲ್ಲಿ ಬಂಡೆ ಇರುವ ತೆಳು ಮಣ್ಣಿನಲ್ಲಿ ಅದೇ ಬೇರು ಸುಮ್ನೆ ಖರ್ಚು, ಅಲ್ಲಿ ಕುಡಿಯಲು ನೀರೇ ಇಲ್ಲ. ಇನ್ನೊಂದು ಅಪಾಯವೂ ಇದೆ. ಚುರುಕು ಬೇರು ಇದ್ದ ಗಿಡ ಇರುವ ಹಸಿಯನ್ನೆಲ್ಲ ಮೊದಲೇ ಹೀರಿ ಎಲೆ ಬೆಳೆಸಿಕೊಂಡರೆ, ಕಾಳು ಕಟ್ಟುವ ಹೊತ್ತಿಗೆ ಬಾವಿ ಖಾಲಿ.

ಥಿನೊಪೈರಮ್ ಎಂಬ ಎತ್ತರದ ಕಾಡು ಹುಲ್ಲಿನಿಂದ ತಂದ ಒಂದು ತುಂಡಿನ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ನೀರು ಧಾರಾಳ ಇದ್ದ ಹೊಲದಲ್ಲಿ ಅದು ಇಳುವರಿ ಏರಿಸಿತು. ನೀರು ಕಡಿಮೆ ಮಾಡಿದ ಹೊಲದಲ್ಲಿ ಆ ಲಾಭ ಮಾಯ. ಕಾಡಿನದ್ದು ಅಂದ ಮಾತ್ರಕ್ಕೆ ಬರಕ್ಕೆ ಆಗಿಬರುತ್ತದೆ ಅಂತ ಏನೂ ಇಲ್ಲ. ಹಾಗಾಗಿ ಇನ್ನೊಂದು ಸಲ ಇಂಥ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಎರಡು ವಿಷಯ. ಕುಂಡದಲ್ಲಿ ಬೆಳೆಸಿ ನೋಡಿದ್ದೋ, ಹೊಲದಲ್ಲೋ? ಮಳೆ ಚೆನ್ನಾಗಿದ್ದ ವರ್ಷ ಆ ತಳಿಯ ಇಳುವರಿ ಎಷ್ಟು? ಬರದ ವರ್ಷ ಮಾತ್ರ ಗೆದ್ದು ಉಳಿದ ವರ್ಷ ಸೋಲುವ ತಳಿಯನ್ನು ಯಾವ ರೈತ ಬಿತ್ತುತ್ತಾನೆ?

ನೆಂಟರು ಎಲ್ಲಿದ್ದಾರೆ ಈಗ

ಒಂದಷ್ಟು ಹುಟ್ಟಿದ ಜಾಗದಲ್ಲೇ, ದನ ಮೇಯುವ ಗುಡ್ಡದಲ್ಲಿ, ರಸ್ತೆ ಬದಿಯಲ್ಲಿ. ಒಂದಷ್ಟು ಬೀಜ ಬ್ಯಾಂಕುಗಳ ತಣ್ಣನೆಯ ಕೋಣೆಗಳಲ್ಲಿ. ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಲೋಕ ಸುತ್ತಿ ಕೂಡಿಟ್ಟ ಬೀಜಗಳನ್ನು, ಎರಡನೇ ಮಹಾಯುದ್ಧದಲ್ಲಿ ಲೆನಿನ್‌ಗ್ರಾಡಿಗೆ ಮುತ್ತಿಗೆ ಬಿದ್ದಾಗ, ಅವರ ಸಂಸ್ಥೆಯ ವಿಜ್ಞಾನಿಗಳು ಕಾದರು. ಕೆಲವರು ಕಾಳಿನ ಚೀಲಗಳ ಪಕ್ಕದಲ್ಲೇ ಹಸಿವಿನಿಂದ ಸತ್ತರು. ವಾವಿಲೋವ್ ತಾವೇ 1943ರಲ್ಲಿ ಸ್ಟಾಲಿನ್ ಆಳ್ವಿಕೆಯ ಜೈಲಿನಲ್ಲಿ ತೀರಿಕೊಂಡರು.

ಸಿರಿಯಾದ ಅಲೆಪ್ಪೊ ಬಳಿ ಒಣನಾಡಿನ ಕೃಷಿ ಸಂಶೋಧನೆ ಮಾಡುವ ಇಕಾರ್ಡಾ ಸಂಸ್ಥೆಯ ದೊಡ್ಡ ಬೀಜ ಬ್ಯಾಂಕ್ ಇತ್ತು, ಗೋಧಿಯ ಕಾಡು ನೆಂಟರ ಬೀಜಗಳೂ ಅಲ್ಲಿದ್ದವು. ಅಂತರ್ಯುದ್ಧದಿಂದ ಅಲ್ಲಿ ಕೆಲಸ ಮಾಡುವುದೇ ಕಷ್ಟವಾಯಿತು. ಅದೃಷ್ಟಕ್ಕೆ ಒಂದು ಪ್ರತಿಯನ್ನು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಹಿಮದ ಗುಡ್ಡದೊಳಗಿನ ಉಗ್ರಾಣಕ್ಕೆ ಮೊದಲೇ ಕಳಿಸಿದ್ದರು. 2015ರಲ್ಲಿ ಆ ಪೆಟ್ಟಿಗೆಗಳನ್ನು ವಾಪಸ್ ತರಿಸಿಕೊಂಡು ಲೆಬನಾನ್ ಮತ್ತು ಮೊರಾಕೊದಲ್ಲಿ ಬಿತ್ತಿದರು. ಉಗ್ರಾಣ ಶುರುವಾದಮೇಲೆ ಅಲ್ಲಿಟ್ಟ ಬೀಜವನ್ನು ಯಾರಾದರೂ ಹಿಂದಕ್ಕೆ ಕೇಳಿದ್ದು ಅದೇ ಮೊದಲು. ಬೆಳೆ ಬಂದ ಮೇಲೆ ಒಂದು ಪಾಲನ್ನು ಮತ್ತೆ ಸ್ವಾಲ್‌ಬಾರ್ಡಿಗೆ ಕಳಿಸಿದರು.

ಇದನ್ನೆಲ್ಲ ದೊಡ್ಡಪ್ಪನಿಗೆ ಓದಿ ಹೇಳಿದೆ. ಕೇಳಿಸಿಕೊಂಡು, ಗೋಧಿಯ ವಿಷಯ ಬಿಟ್ಟು, ಹೊಳೆ ಆಚೆಯ ಜೀರಿಗೆ ಮಿಡಿ ಮರ ಹೋದ ಮಳೆಗಾಲದಲ್ಲಿ ಬಿದ್ದುಹೋಯಿತು ಅಂದರು. ಅದರದ್ದು ಎರಡು ಕಸಿ ಗಿಡ ನಮ್ಮ ಹಿತ್ತಲಲ್ಲಿ ಇದೆಯಂತೆ. ಒಂದು ಚಿಗುರಿದೆ, ಇನ್ನೊಂದು ಇನ್ನೂ ಗೊತ್ತಿಲ್ಲ.